ಜಿಟಿಜಿಟಿ ಮಳೆ ಗಾಜಾಗಿ ಕೂತಾಗ

ಪ್ರಶ್ನೆ: ನಮ್ಮ ಮಗಳು, ಅಳಿಯ ಅಮೆರಿಕದ ಡಲ್ಲಾಸ್ ಹತ್ತಿರ ಇದ್ದಾರೆ. ಮಗಳ ಮೊದಲ ಬಾಣಂತನಕ್ಕೆ ನನ್ನ ಹೆಂಡತಿ ಅಲ್ಲಿಗೆ ಹೋಗಿದ್ದಾಗ ಐಸ್ ಬಿರುಗಾಳಿ ಬಂದು ಮೂರು ದಿನ ಕರೆಂಟ್ ಇರಲಿಲ್ಲ. ಕೂಸಿಗೆ ಚಳಿಯಾಗ್ತದೆ ಅಂತ ಆಕೆ ಹಿತ್ತಲಲ್ಲಿದ್ದ ಇದ್ದಿಲ ಒಲೆಯನ್ನು ಒಳಗೆ ತರಲು ಹೋದರೆ ಅಳಿಯ ಕೂಗಾಡಿದನಂತೆ. ಆ ಮಾತು ಮನೆಯಲ್ಲಿ ಇನ್ನೂ ಮುಗಿದಿಲ್ಲ. ಈ ಡಿಸೆಂಬರ್‌ನಲ್ಲಿ ಎರಡನೆಯ ಬಾಣಂತನಕ್ಕೆ ಮತ್ತೆ ಹೊರಟಿದ್ದಾಳೆ. ನಮ್ಮಲ್ಲಿ ಆಣೆಕಲ್ಲು ಮಳೆ ಹೊಡೆದು ಕಂಬ ಬಿದ್ದರೂ ಮರುದಿನ ಕರೆಂಟ್ ಬರುತ್ತದೆ. ಚಂದ್ರನ ಮೇಲೆ ಕಾಲಿಟ್ಟ ದೇಶಕ್ಕೆ ಅಷ್ಟು ಆಗಲಿಲ್ಲವೇ? ಅಲ್ಲಿನ ಜನ ಹೇಗೆ ತಡೆದುಕೊಳ್ಳುತ್ತಾರೆ? ಇಲ್ಲಿಂದ ಏನು ಕಳಿಸಲಿ?
– ಕೇಶ್ವಾಪುರ, ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ಮೊದಲು ಮನೆಯ ಜಗಳ ಮುಗಿಸೋಣ. ನಿಮ್ಮ ಅಳಿಯ ಕೂಗಾಡಿದ್ದು ತಪ್ಪಿರಬಹುದು, ತಡೆದದ್ದು ಮಾತ್ರ ಸರಿ. ಆ ಕೆಂಡ ಒಳಗೆ ಬಂದಿದ್ದರೆ ನೀವು ನನಗೆ ಬರೆಯುತ್ತಿದ್ದದ್ದು ಬೇರೆಯೇ ಪತ್ರವಾಗಿರುತ್ತಿತ್ತು.

ಹಾಗಂತ ನಿಮ್ಮ ಮನೆಯವರದು ದಡ್ಡತನ ಅಂತ ನಾನು ಹೇಳುವುದಿಲ್ಲ. ನಮ್ಮ ಕಡೆ ಬಾಣಂತಿ ಮಂಚದ ಕೆಳಗೆ ಕೆಂಡದ ಶೆಗಡಿ ಇಡದ ಮನೆ ಎಲ್ಲಿತ್ತು? ನನ್ನನ್ನೂ ಹಾಗೇ ಕಾಯಿಸಿ ಬೆಳೆಸಿದ್ದಾರೆ. ಆದರೆ ಆ ಶೆಗಡಿ ನಮ್ಮನ್ನು ಕೊಲ್ಲದೆ ಬಿಟ್ಟದ್ದು ಹಳೆಯ ಮನೆಗಳ ಪುಣ್ಯದಿಂದ. ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತಿತ್ತು. ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಬಾಗಿಲ ಕೆಳಗೆ ಬೆಕ್ಕು ತೂರುವಷ್ಟು ಜಾಗ. ಡಲ್ಲಾಸ್‌ನ ಮನೆ ಹಾಗಲ್ಲ. ಬೇಸಿಗೆಯ ತಂಪು, ಚಳಿಗಾಲದ ಬೆಚ್ಚಗೆ ಹೊರಗೆ ಸೋರಬಾರದು ಅಂತ ಅದನ್ನು ಡಬ್ಬಿಯಂತೆ ಮುಚ್ಚಿ ಕಟ್ಟಿರುತ್ತಾರೆ. ಅಂಥ ಮನೆಯೊಳಗೆ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ನಿದ್ದೆ. ಚಳಿಯ ರಾತ್ರಿ ನಿದ್ದೆ ಬಂದರೆ ಯಾರು ಅನುಮಾನ ಪಡುತ್ತಾರೆ? ಹೊಗೆ ಕಾಣದ ಕೆಂಡ ಅಂದರೆ ಒಳ್ಳೆಯ ಕೆಂಡ ಅಂತ ನಾವು ನಂಬಿದ್ದೇವೆ. ಈ ವಿಷಯದಲ್ಲಿ ಆ ನಂಬಿಕೆಯೇ ಮೋಸ.

ಈಗ ಕರೆಂಟಿನ ಮಾತು. ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಲೈನ್ ಕೆಲಸದಲ್ಲೇ ಇದ್ದವನು. ಆಣೆಕಲ್ಲು ಹೊಡೆದ ಮರುದಿನ ಕಂಬ ನಿಲ್ಲಿಸುವುದು ನನಗೆ ಹಬ್ಬದ ಅಡುಗೆಯಷ್ಟೇ ಪರಿಚಯ. ಹೀಗಾಗಿ ಅಮೆರಿಕದವರ ಐಸ್ ಬಿರುಗಾಳಿ ಅಂದರೆ ಅದರ ದೊಡ್ಡಣ್ಣ ಇರಬೇಕು ಅಂದುಕೊಂಡಿದ್ದೆ. 2023ರ ಜನವರಿ ಕೊನೆಗೆ ಮಗನ ಮನೆಗೆಂದು ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯದ್ದೇ ಊರು ಆಸ್ಟಿನ್‌ಗೆ ಹೋಗಿದ್ದಾಗ ಕಣ್ಣಾರೆ ಕಂಡೆ. ಸಂಬಂಧವೇ ಇಲ್ಲ! ನಮ್ಮ ಆಣೆಕಲ್ಲು ಬರುವುದು ಬೇಸಿಗೆಯ ಕಾವಿನಲ್ಲಿ, ಗುಡುಗು ಸಿಡಿಲಿನ ಜೊತೆ. ಅರ್ಧ ಗಂಟೆ ಬಡಿದು, ಮಾವಿನಕಾಯಿ ಉದುರಿಸಿ ಹೋಗುತ್ತದೆ. ಆಸ್ಟಿನ್‌ನ ಐಸ್ ಬಿರುಗಾಳಿ ಬಂದದ್ದು ಸದ್ದಿಲ್ಲದೆ. ಗಾಳಿ ಕೂಡ ಅಷ್ಟಕ್ಕಷ್ಟೆ. ಧಾರವಾಡದ ಜಿಟಿಜಿಟಿ ಮಳೆ ಇರುತ್ತದಲ್ಲ, ಛತ್ರಿ ಬಿಚ್ಚಲೋ ಬೇಡವೋ ಅನ್ನಿಸುವಂಥದ್ದು, ಅದೇ. ಬಿದ್ದ ಜಾಗದಲ್ಲೇ ಗಾಜಾಗಿ ಕೂರುತ್ತದೆ ಅನ್ನುವುದೊಂದೇ ವ್ಯತ್ಯಾಸ.

ಕಾರಣ ಆಕಾಶದಲ್ಲಿದೆ. ನೆಲಕ್ಕೆ ಹತ್ತಿದ ಗಾಳಿ ಸೊನ್ನೆ ಡಿಗ್ರಿಗಿಂತ ತಣ್ಣಗೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಒಂದು ಪದರ. ಇನ್ನೂ ಮೇಲಿನಿಂದ ಬೀಳುವ ಹಿಮ ಆ ಬೆಚ್ಚನೆಯ ಪದರದಲ್ಲಿ ಕರಗಿ ನೀರಾಗುತ್ತದೆ. ಕೆಳಗಿನ ತಣ್ಣನೆಯ ಪದರ ತೆಳ್ಳಗಿದ್ದರೆ ಹನಿಗೆ ಮತ್ತೆ ಗಟ್ಟಿಯಾಗಲು ಪುರುಸೊತ್ತು ಸಿಗುವುದಿಲ್ಲ. ಸೊನ್ನೆಗಿಂತ ತಣ್ಣಗಾಗಿಯೂ ನೀರಾಗಿಯೇ ಇಳಿಯುತ್ತದೆ. ಎಲೆ, ತಂತಿ, ಮೆಟ್ಟಿಲು, ಏನು ಸಿಕ್ಕರೂ ಮುಟ್ಟಿದ ತಕ್ಷಣ ಹೆಪ್ಪುಗಟ್ಟುತ್ತದೆ. ಅದೇ ಪದರ ದಪ್ಪಗಿದ್ದರೆ ಹನಿ ದಾರಿಯಲ್ಲೇ ಐಸ್ ಕಾಳಾಗಿ ಉದುರಿ ಪುಟಿದು ಹೋಗುತ್ತದೆ, ತಂತಿಗೆ ಅಂಟುವುದಿಲ್ಲ. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಅನಾಹುತ.

ಒಂದು ಲೆಕ್ಕ ಹೇಳುತ್ತೇನೆ, ಲೈನ್‌ನವನ ಚಟ, ಸಹಿಸಿಕೊಳ್ಳಿ. ನಮ್ಮ ಕಂಬಗಳ ಮೇಲೆ ಎಳೆಯುವ ರ‍್ಯಾಬಿಟ್ ಅನ್ನುವ ಅಲ್ಯೂಮಿನಿಯಂ ತಂತಿ ಸುಮಾರು 1 ಸೆಂಟಿಮೀಟರ್ ದಪ್ಪ. ಒಂದು ಮೀಟರ್ ತಂತಿಯ ತೂಕ ಕಾಲು ಕಿಲೋಗಿಂತ ಕಡಿಮೆ. ಅದರ ಸುತ್ತ ಒಂದೂಕಾಲು ಸೆಂಟಿಮೀಟರ್ ಐಸ್ ಕಟ್ಟಿತು ಅನ್ನಿ. ಆ ಒಂದು ಮೀಟರ್ ಮೇಲೆ 800 ಗ್ರಾಂ ಐಸ್ ಕೂತಂತೆ. ತಂತಿಯ ನಾಲ್ಕು ಪಟ್ಟು! ಎರಡು ಕಂಬದ ನಡುವೆ 50 ಮೀಟರ್ ಇದ್ದರೆ 40 ಕಿಲೋ. ಐಸಿನ ದಪ್ಪ ಎರಡು ಪಟ್ಟಾದರೆ ತೂಕ ಎರಡು ಪಟ್ಟಾಗುವುದಿಲ್ಲ, ಮೂರು ಪಟ್ಟಾಗುತ್ತದೆ. 50 ಮೀಟರ್‌ಗೆ 120 ಕಿಲೋ ದಾಟುತ್ತದೆ. ತಂತಿಗೆ ಎರಡು ಮೂಟೆ ಜೋಳ ನೇತು ಹಾಕಿದ ಹಾಗೆ. ಆಮೇಲೆ ಒಂದು ಕಡೆಯ ಐಸ್ ಮೊದಲು ಉದುರಿದರೆ ಎಳೆತ ಒಂದೇ ಕಡೆಗಾಗಿ ಕಂಬ ವಾಲುತ್ತದೆ. ಒಂದು ಕಂಬ ಪಕ್ಕದ್ದನ್ನು ಎಳೆದುಕೊಂಡು ಬೀಳುತ್ತದೆ.

ಆಸ್ಟಿನ್‌ನಲ್ಲಿ ಜಾಸ್ತಿ ಹಾನಿ ಮಾಡಿದ್ದು ಮರಗಳು. ಅಲ್ಲಿನ ಲೈವ್ ಓಕ್ ಮರ ಚಳಿಗಾಲದಲ್ಲೂ ಎಲೆ ಉದುರಿಸುವುದಿಲ್ಲ. ಎಲೆ ಎಲೆಗೂ ಐಸ್ ಕೂತಿತು. ರಾತ್ರಿಯಿಡೀ ಕಬ್ಬು ಮುರಿದಂತೆ ಸದ್ದು. ಲಟ್, ಲಟ್ ಅಂತ. ನಾನು ಮಲಗಲಿಲ್ಲ. ಬೆಳಿಗ್ಗೆ ನೋಡಿದರೆ ಓಣಿಗೆ ಓಣಿಯೇ ಕೊಂಬೆಗಳಿಂದ ಮುಚ್ಚಿ ಹೋಗಿತ್ತು. ಊರಿನ ಹತ್ತರಲ್ಲಿ ಮೂರು ಮನೆಗೆ ಕರೆಂಟ್ ಇರಲಿಲ್ಲ.

ಇಲ್ಲಿ ಮರುದಿನ ಬರುವ ಕರೆಂಟ್ ಅಲ್ಲಿ ಯಾಕೆ ಬರಲಿಲ್ಲ ಅಂದರೆ, ನಮ್ಮ ಆಣೆಕಲ್ಲು ಒಂದು ಪಟ್ಟಿಯಂತೆ ಹಾದು ಹೋಗುತ್ತದೆ. ಕುಂದಗೋಳದಲ್ಲಿ ಕಂಬ ಬಿದ್ದರೆ ಹುಬ್ಬಳ್ಳಿಯ ಗ್ಯಾಂಗ್ ಓಡುತ್ತದೆ, ಯಾಕೆಂದರೆ ಹುಬ್ಬಳ್ಳಿಯಲ್ಲಿ ಏನೂ ಆಗಿರುವುದಿಲ್ಲ. ಐಸ್ ಬಿರುಗಾಳಿ ಒಂದೇ ಸಲ ನೂರಾರು ಕಿಲೋಮೀಟರ್ ಹಾಸಿಕೊಳ್ಳುತ್ತದೆ. ಪಕ್ಕದ ಊರಿನ ಗ್ಯಾಂಗ್‌ಗೂ ಅದೇ ಪಾಡು. ಬೇರೆ ರಾಜ್ಯಗಳಿಂದ ಬಕೆಟ್ ಟ್ರಕ್‌ಗಳು, ಅಂದರೆ ಲೈನ್‌ನವನನ್ನು ತಂತಿಯ ಎತ್ತರಕ್ಕೆ ಎತ್ತುವ ಗಾಡಿಗಳು, ಸಾಲು ಸಾಲಾಗಿ ಬರುತ್ತವೆ, ಅದಕ್ಕೆ ಅವರಲ್ಲಿ ಮೊದಲೇ ಒಪ್ಪಂದ ಇರುತ್ತದೆ. ಆದರೆ ರಸ್ತೆಯೇ ಗಾಜಾಗಿದ್ದರೆ ಟ್ರಕ್ ಹೇಗೆ ಬರಬೇಕು? 2021ರ ಫೆಬ್ರವರಿ 11ರಂದು ಡಲ್ಲಾಸ್ ಪಕ್ಕದ ಫೋರ್ಟ್ ವರ್ತ್‌ನಲ್ಲಿ ಐಸ್ ಕಟ್ಟಿದ ಹೆದ್ದಾರಿಯ ಮೇಲೆ 130ಕ್ಕೂ ಜಾಸ್ತಿ ಗಾಡಿಗಳು ಒಂದಕ್ಕೊಂದು ಗುದ್ದಿದವು, ಆರು ಜನ ಸತ್ತರು. ಇಷ್ಟೆಲ್ಲ ದಾಟಿ ಬಂದು ಒಂದು ಲೈನ್ ಸರಿ ಮಾಡಿದರೆ, ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಕೊಂಬೆ ಅದರ ಮೇಲೆಯೇ ಬೀಳುತ್ತದೆ. ಇದು ಚಂದ್ರನಿಗೆ ಹೋಗುವ ಬುದ್ಧಿಯಿಂದ ಆಗುವ ಕೆಲಸ ಅಲ್ಲ. ಒಂದೊಂದು ಮನೆಯ ತಂತಿಯನ್ನೂ ಮನುಷ್ಯನೇ ಏರಿ ಕಟ್ಟಬೇಕು.

ಜನ ಗೊಂದಲ ಮಾಡಿಕೊಳ್ಳುವ ಒಂದು ವಿಷಯ ಇದೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಆದದ್ದು ಮುಖ್ಯವಾಗಿ ತಂತಿಯ ಸಮಸ್ಯೆ ಅಲ್ಲ. ಅದು ನಮಗೆ ಚೆನ್ನಾಗಿ ಗೊತ್ತಿರುವ ಲೋಡ್ ಶೆಡ್ಡಿಂಗ್! ಕಡು ಚಳಿಗೆ ಗ್ಯಾಸ್ ಬಾವಿ, ಪೈಪು, ವಿದ್ಯುತ್ ಸ್ಥಾವರಗಳೇ ಹೆಪ್ಪುಗಟ್ಟಿ ನಿಂತವು. ಎಲ್ಲರೂ ಹೀಟರ್ ಹಾಕಿದ್ದರು, ಬೇಡಿಕೆ ಏರಿತ್ತು. ಗ್ರಿಡ್, ಅಂದರೆ ಸ್ಥಾವರಗಳನ್ನೂ ಲೈನ್‌ಗಳನ್ನೂ ಜೋಡಿಸಿದ ಇಡೀ ಜಾಲ, ಅದನ್ನು ಉಳಿಸಲು ಬೇಕೆಂದೇ ಕರೆಂಟ್ ತೆಗೆದರು. ಇನ್ನು ನಾಲ್ಕೂವರೆ ನಿಮಿಷ ಕಳೆದಿದ್ದರೆ ಇಡೀ ರಾಜ್ಯದ ಗ್ರಿಡ್ ಕುಸಿಯುತ್ತಿತ್ತು. 45 ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳು ಕತ್ತಲಾದವು. ಟೆಕ್ಸಾಸ್ ಗ್ರಿಡ್ ಅಕ್ಕಪಕ್ಕದ ದೊಡ್ಡ ಗ್ರಿಡ್‌ಗಳಿಗೆ ಹೆಚ್ಚು ಕಡಿಮೆ ಅಂಟಿಕೊಂಡೇ ಇಲ್ಲ, ಹೀಗಾಗಿ ಹೊರಗಿನಿಂದ ಸಾಲ ತರಲೂ ಆಗಲಿಲ್ಲ. ನಮ್ಮ ದಕ್ಷಿಣದ ಗ್ರಿಡ್ ಕೂಡ ಒಂದು ಕಾಲಕ್ಕೆ ಬೇರೆಯೇ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಜೋಡಿಸಿದ ಮೇಲೆ ದೇಶಕ್ಕೆಲ್ಲ ಒಂದೇ ಗ್ರಿಡ್ ಆಯಿತು. ಬೇರೆ ಇದ್ದದ್ದರಿಂದ 2012ರಲ್ಲಿ ಉತ್ತರ ಭಾರತ ಕತ್ತಲಾದಾಗ ನಾವು ಬಚಾವಾದೆವು ಅನ್ನುವುದೂ ನಿಜವೇ. ಈ ಚರ್ಚೆ ಶುರು ಮಾಡಿದರೆ ನಾನು ನಿಲ್ಲಿಸುವುದಿಲ್ಲ, ಇರಲಿ.

ಆ 2021ರಲ್ಲಿ ಟೆಕ್ಸಾಸ್ ಸರ್ಕಾರವೇ ಲೆಕ್ಕ ಹಾಕಿದ ಸಾವು 246. ಮೂರರಲ್ಲಿ ಎರಡು ಪಾಲು ಚಳಿಗೆ. ಎಷ್ಟೋ ಜನ ಸತ್ತದ್ದು ಬಯಲಲ್ಲಿ ಅಲ್ಲ, ಅವರವರ ಮನೆಯಲ್ಲೇ. ಹತ್ತೊಂಬತ್ತು ಜನ ಕಾರ್ಬನ್ ಮಾನಾಕ್ಸೈಡಿಗೆ ಬಲಿ. ಮನೆಯೊಳಗೆ ಇದ್ದಿಲು ಉರಿಸುವುದು, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಕೂರುವುದು, ಬಾಗಿಲ ಪಕ್ಕ ಜನರೇಟರ್ ಇಡುವುದು, ಈ ವಿಷ ಮನೆಯೊಳಗೆ ಬರುವುದು ಹೀಗೇ. ನಿಮ್ಮ ಅಳಿಯನ ಕಿರುಚಾಟ ನೆನಪಾಯಿತೇ?

ಇನ್ನು ಊರಿಗೆ ಊರು ಹೇಗೆ ತಡೆದುಕೊಳ್ಳುತ್ತದೆ ಅನ್ನುವುದು. ಇದಕ್ಕೆ ನಾನು ಯಾವಾಗಲೂ ಹೇಳುವುದು 1998ರ ಜನವರಿಯ ಕೆನಡಾ ಕಥೆ. ಕ್ವಿಬೆಕ್, ಒಂಟಾರಿಯೊ ಕಡೆ ಐದಾರು ದಿನ ಬಿಟ್ಟು ಬಿಟ್ಟು ಅದೇ ಮಳೆ. ಸಾವಿರದಷ್ಟು ಉಕ್ಕಿನ ಟವರ್‌ಗಳು ಮಡಚಿ ಬಿದ್ದವು. ಮರದ ಕಂಬಗಳ ಲೆಕ್ಕ ಹತ್ತಾರು ಸಾವಿರ. ಮಾಂಟ್ರಿಯಲ್ ದಕ್ಷಿಣಕ್ಕಿರುವ ಊರುಗಳಲ್ಲಿ ಕೆಲವರಿಗೆ ತಿಂಗಳ ಮೇಲೂ ಕರೆಂಟ್ ಬರಲಿಲ್ಲ. ಹದಿನೈದು ಸಾವಿರಕ್ಕೂ ಜಾಸ್ತಿ ಸೈನಿಕರನ್ನು ಇಳಿಸಿದರು. ಅವರು ಕೊಂಬೆ ಕಡಿದರು, ಮನೆ ಮನೆ ಬಾಗಿಲು ತಟ್ಟಿ ಒಂಟಿ ಮುದುಕರನ್ನು ಹುಡುಕಿದರು. ಶಾಲೆಗಳಲ್ಲಿ ಮಂಚ ಹಾಕಿದರು. ಹೊಗೆ ಹೊರಗೆ ಹೋಗುವ ಚಿಮಣಿಯ ಸೌದೆ ಒಲೆ ಇದ್ದ ಮನೆಯವರು ಇಲ್ಲದವರನ್ನು ಕರೆದುಕೊಂಡರು. ನನಗೆ ಹಿಡಿಸಿದ್ದು ರೈತರ ಕೆಲಸ. ಹಾಲು ಕರೆಯುವ ಯಂತ್ರಕ್ಕೆ ಕರೆಂಟ್ ಬೇಕು, ಕರೆಯದೆ ಬಿಟ್ಟರೆ ಹಸುವಿಗೆ ಕೆಚ್ಚಲು ಬಾವು. ಒಂದು ಜನರೇಟರನ್ನು ಟ್ರ್ಯಾಕ್ಟರಿಗೆ ಕಟ್ಟಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಒಯ್ದರು. ಸರದಿ ಪ್ರಕಾರ, ರಾತ್ರಿಯೆಲ್ಲ. ನಮ್ಮಲ್ಲಿ ಕಾಲುವೆ ನೀರಿಗೆ ಪಾಳಿ ಹಚ್ಚಿದ ಹಾಗೆ.

ಮಾಂಟ್ರಿಯಲ್ ಪಕ್ಕದ ಬುಷರ್‌ವಿಲ್ ಊರಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರೈಲಿನ ಡೀಸೆಲ್ ಎಂಜಿನ್ ತರಿಸಿ, ಹಳಿ ಬಿಡಿಸಿ, ಡಾಂಬರು ರಸ್ತೆಯ ಮೇಲೆ ಓಡಿಸಿಕೊಂಡು ಹೋಗಿ ಊರಿನ ಕಚೇರಿಗೆ ಅದರಿಂದ ಕರೆಂಟ್ ಕೊಟ್ಟರು. ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡೀಸೆಲ್ ಶೆಡ್ ನೋಡಿದವರಿಗೆ ಗೊತ್ತು, ಆ ಎಂಜಿನ್ ಅಂದರೆ ಚಕ್ರದ ಮೇಲೆ ಕೂತ ಜನರೇಟರ್. ರಸ್ತೆಯ ಡಾಂಬರು ಕಿತ್ತು ಹೋಯಿತು ಅನ್ನುವುದು ಬೇರೆ ಮಾತು.

ಟೆಕ್ಸಾಸ್‌ನವರೂ ಕಡಿಮೆ ಇಲ್ಲ. 2021ರಲ್ಲಿ ಹ್ಯೂಸ್ಟನ್‌ನ ಗ್ಯಾಲರಿ ಫರ್ನಿಚರ್ ಅನ್ನುವ ಅಂಗಡಿಯವರು ಬಾಗಿಲು ತೆಗೆದು, ಮಾರಾಟಕ್ಕಿಟ್ಟ ಸೋಫಾ, ಹಾಸಿಗೆಗಳ ಮೇಲೆಯೇ ಜನರನ್ನು ಮಲಗಿಸಿಕೊಂಡರು. ಊರೂರಲ್ಲೂ ಚರ್ಚು, ಲೈಬ್ರರಿ, ಸಮುದಾಯ ಭವನಗಳನ್ನು ಬೆಚ್ಚಗಿನ ಕೇಂದ್ರ ಅಂತ ತೆರೆಯುತ್ತಾರೆ. 211 ನಂಬರಿಗೆ ಫೋನ್ ಮಾಡಿದರೆ ಹತ್ತಿರದ್ದು ಎಲ್ಲಿ ಅಂತ ಹೇಳುತ್ತಾರೆ. ನಾನಿದ್ದ ಓಣಿಯಲ್ಲಿ ಒಂದು ವಿಚಿತ್ರ ನೋಡಿದೆ. ರಸ್ತೆಯ ಒಂದು ಬದಿಗೆ ಕರೆಂಟ್ ಇತ್ತು, ಇನ್ನೊಂದು ಬದಿಗೆ ಇಲ್ಲ. ಫೀಡರ್, ಅಂದರೆ ಸಬ್‌ಸ್ಟೇಷನ್‌ನಿಂದ ಓಣಿಗೆ ಬರುವ ಲೈನ್, ಬೇರೆ ಬೇರೆ ಇದ್ದರೆ ಹಾಗಾಗುತ್ತದೆ. ಮೊದಲ ದಿನ ಯಾರೂ ಯಾರ ಬಾಗಿಲನ್ನೂ ತಟ್ಟಲಿಲ್ಲ, ಅಲ್ಲಿ ಸಂಕೋಚ ಜಾಸ್ತಿ. ಎರಡನೆಯ ದಿನ ಎದುರು ಮನೆಯ ಅಜ್ಜಿಯೇ ಹಿಡಿಗಂಬಿ ಹಿಡಿದುಕೊಂಡು ಹೊಸ್ತಿಲಿಗೆ ಬಂದು ಕೂಗಿ ಕರೆದರು. ಆಮೇಲೆ ಎಲ್ಲರ ಫೋನೂ ಆಕೆಯ ಅಡುಗೆಮನೆಯಲ್ಲಿ ಚಾರ್ಜ್ ಆದವು. ಇಲ್ಲಿ ಆ ಕೆಲಸ ಮೊದಲ ಅರ್ಧ ಗಂಟೆಯಲ್ಲೇ ಆಗುತ್ತಿತ್ತು ಬಿಡಿ. ಹೀಗಾಗಿ ನಿಮ್ಮ ಮನೆಯವರಿಗೆ ನನ್ನ ಮೊದಲ ಸಲಹೆ, ಅಲ್ಲಿಗೆ ಹೋದ ಮೊದಲ ವಾರದಲ್ಲೇ ಅಕ್ಕಪಕ್ಕದ ನಾಲ್ಕು ಮನೆ ಪರಿಚಯ ಮಾಡಿಕೊಳ್ಳಲಿ. ಚಕ್ಕುಲಿ ಕೊಡುವ ನೆಪ ಸಾಕು.

ಎರಡನೆಯದು ಸ್ವಲ್ಪ ಕಟುವಾಗಿ ಹೇಳುತ್ತೇನೆ. ಎಳೆ ಕೂಸು ಇರುವ ಮನೆ ಧೈರ್ಯ ತೋರಿಸಬಾರದು. ಐಸ್ ಮಳೆಯ ಎಚ್ಚರಿಕೆ ಸಾಮಾನ್ಯವಾಗಿ ಒಂದೆರಡು ದಿನ ಮೊದಲೇ ಬರುತ್ತದೆ. ಕಾಲು ಇಂಚು, ಅಂದರೆ 6 ಮಿಲಿಮೀಟರ್ ಐಸ್ ಅಂದರೇ ಅಲ್ಲಿ ದೊಡ್ಡ ಎಚ್ಚರಿಕೆ. ಅಳಿಯನ ಗೆಳೆಯರಲ್ಲಿ ಯಾರ ಮನೆಯಲ್ಲಿ ಚಿಮಣಿ ಇರುವ ಸೌದೆಯ ಒಲೆ ಇದೆ, ಯಾರ ಮನೆ ಆಸ್ಪತ್ರೆಯ ಹತ್ತಿರ ಇದೆ ಅಂತ ಈಗಲೇ ಕೇಳಿಟ್ಟುಕೊಳ್ಳಲಿ. ಆಸ್ಪತ್ರೆ, ನೀರಿನ ಪಂಪ್ ಇರುವ ಫೀಡರ್‌ಗಳನ್ನು ಎಲ್ಲ ಕಡೆಯೂ ಮೊದಲು ಸರಿ ಮಾಡುತ್ತಾರೆ. ಹೋಗುವುದಾದರೆ ರಸ್ತೆ ಗಾಜಾಗುವ ಮೊದಲೇ ಹೋಗಬೇಕು. ಐಸ್ ಕಟ್ಟಿದ ಮೇಲೆ ಕಾರು ತೆಗೆಯುವುದಕ್ಕಿಂತ ಚಳಿಯ ಮನೆಯೇ ವಾಸಿ.

ಮನೆಯಲ್ಲೇ ಉಳಿದರೆ ಇಡೀ ಮನೆಯನ್ನು ಬೆಚ್ಚಗಿಡುವ ಆಸೆ ಬಿಡಬೇಕು. ಒಂದು ಸಣ್ಣ ಕೋಣೆ ಆರಿಸಿ ಎಲ್ಲರೂ ಅಲ್ಲೇ. ಇಲ್ಲಿ ನಮ್ಮ ಕೌದಿ ಕೆಲಸಕ್ಕೆ ಬರುತ್ತದೆ. ಏಳೆಂಟು ಪದರ ಹಳೆ ಸೀರೆ, ಪದರದ ನಡುವೆ ನಿಂತ ಗಾಳಿ, ಚಳಿ ತಡೆಯುವುದು ಆ ನಿಂತ ಗಾಳಿಯೇ. ಒಂದು ಕೌದಿ ಬಾಗಿಲಿಗೆ ತೂಗುಹಾಕಿ, ಇನ್ನೊಂದು ಕಿಟಕಿಗೆ. ಹಗಲು ಬಿಸಿಲು ಬಿದ್ದರೆ ಕಿಟಕಿಯದನ್ನು ತೆಗೆಯಬೇಕು. ಆದರೆ ಮಲಗಿದ ಕೂಸಿನ ಮೇಲೆ ಕೌದಿ ಹೊದಿಸಬಾರದು, ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತದೆ. ಕೂಸನ್ನು ಎಚ್ಚರ ಇರುವ ತಾಯಿಯ ಎದೆಗೆ ಬರಿ ಮೈಗೆ ಬರಿ ಮೈ ತಾಗುವಂತೆ ಇಟ್ಟುಕೊಂಡು, ಮೇಲೆ ತಾಯಿ ಹೊದ್ದುಕೊಳ್ಳುವುದು ಒಳ್ಳೆಯದು. ಇದು ಮಕ್ಕಳ ಡಾಕ್ಟರರು ಹೇಳುವ ಮಾತು, ನನ್ನದಲ್ಲ. ಕೂಸು ಮಂಕಾಗಿ, ಮೈ ತಣ್ಣಗಾಗಿ, ಹಾಲು ಕುಡಿಯದಿದ್ದರೆ ಕಾಯುವಂತಿಲ್ಲ, ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್.

ಗ್ಯಾಸ್ ಹೀಟರ್ ಇದೆ, ನಮಗೇನು ಅಂತ ಅಳಿಯ ಅಂದರೆ ನಂಬಬೇಡಿ. ಗ್ಯಾಸ್ ಉರಿದರೂ ಬಿಸಿಗಾಳಿ ತಳ್ಳುವ ಫ್ಯಾನಿಗೆ ಕರೆಂಟ್ ಬೇಕು. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಮನೆಯಲ್ಲಿ ಇರಲೇಬೇಕು, ಅಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಜನರೇಟರ್ ಇದ್ದರೆ ಮನೆಯಿಂದ 6 ಮೀಟರ್ ಆಚೆ, ಹೊಗೆ ಮನೆಯ ಕಡೆ ತಿರುಗದಂತೆ. ಅದರ ವೈರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡುವ ಜಾಣತನ ಮಾತ್ರ ಬೇಡ. ಆ ಕರೆಂಟ್ ಹಿಂದಕ್ಕೆ ಹರಿದು, ಓಣಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರಾರು ವೋಲ್ಟ್ ಆಗಿ, ಕಂಬದ ಮೇಲಿರುವವನನ್ನು ಹೊಡೆಯುತ್ತದೆ. ಲೈನ್ ಕ್ಲಿಯರ್, ಅಂದರೆ ತಂತಿಯಲ್ಲಿ ಕರೆಂಟ್ ಇಲ್ಲ, ಅಂತ ನಂಬಿ ಏರಿದ ಹುಡುಗರಿಗೆ ಇಲ್ಲಿಯೂ ಹೀಗೆ ಆಗಿದೆ. ಅದನ್ನು ನೆನೆದರೆ ನನಗೆ ಈಗಲೂ ಅನ್ನ ಇಳಿಯುವುದಿಲ್ಲ. ಹಿತ್ತಲಲ್ಲಿ ಬಿದ್ದ ತಂತಿ ಕಂಡರೆ ಹತ್ತು ಮೀಟರ್ ದೂರ. ಐಸ್ ಒಳಗೆ ತಂತಿ ಯಾವುದು, ಕಡ್ಡಿ ಯಾವುದು ಗೊತ್ತಾಗುವುದಿಲ್ಲ.

ನೀರಿನ ವಿಷಯದಲ್ಲಿ ಹುಬ್ಬಳ್ಳಿಯವರೇ ಗುರುಗಳು. ಎಂಟು ದಿನಕ್ಕೊಮ್ಮೆ ನಲ್ಲಿ ಬಂದು ಬ್ಯಾರಲ್ ತುಂಬಿಟ್ಟು ಬದುಕಿದವರಿಗೆ ನಾನೇನು ಹೇಳಲಿ! 2021ರಲ್ಲಿ ಟೆಕ್ಸಾಸ್‌ನ ಅರ್ಧದಷ್ಟು ಜನರಿಗೆ ನೀರಿನ ತೊಂದರೆಯಾಯಿತು, ಹಿಮ ಕರಗಿಸಿ ಶೌಚಕ್ಕೆ ಹಾಕಿದರು. ಮಳೆ ಶುರುವಾಗುವ ಮೊದಲೇ ಬಾತ್‌ಟಬ್ ತುಂಬಿಸಿ ಇಡಲಿ. ಕಡು ಚಳಿ ಇದ್ದರೆ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಬೇಕು. ನೀರು ಐಸ್ ಆಗುವಾಗ ನೂರಕ್ಕೆ ಒಂಬತ್ತರಷ್ಟು ಉಬ್ಬುತ್ತದೆ, ನಲ್ಲಿ ಮುಚ್ಚಿದ್ದರೆ ಒತ್ತಡಕ್ಕೆ ಪೈಪ್ ಒಡೆಯುತ್ತದೆ. ನಲ್ಲಿ ತೊಟ್ಟಿಕ್ಕಲು ಬಿಡು ಅಂದರೆ ನಿಮ್ಮ ಮನೆಯವರಿಗೆ ಸಂಕಟ ಆಗಬಹುದು, ನನಗೂ ಆಗಿತ್ತು. ಫ್ರಿಜ್ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಡೆಯುತ್ತದೆ. ತುಂಬಿದ ಫ್ರೀಜರ್ ಎರಡು ದಿನ.

ಓಣಿಗೆಲ್ಲ ಕರೆಂಟ್ ಬಂದು ಇವರಿಗೆ ಮಾತ್ರ ಬರದಿದ್ದರೆ ಅಳಿಯ ಮೀಟರ್ ಮೇಲಿನ, ಕರೆಂಟ್ ತಂತಿ ಇಳಿದು ಬರುವ ಕೊಳವೆ ನೋಡಲಿ. ಕೊಂಬೆ ಬಿದ್ದು ಅದು ಕಿತ್ತಿದ್ದರೆ ಅದು ಮನೆಯವರ ಜವಾಬ್ದಾರಿ. ತಾವೇ ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸದೆ ಲೈನ್‌ನವರು ಜೋಡಿಸುವುದಿಲ್ಲ. ಇದು ಗೊತ್ತಿಲ್ಲದೆ ಕಾಯುತ್ತಾ ಕೂತವರು ಬಹಳ. ಇನ್ನೊಂದು, ಡಲ್ಲಾಸ್‌ನಲ್ಲಿ ಬಿಲ್ ಕಳಿಸುವ ಕಂಪನಿ ಬೇರೆ, ತಂತಿ ನೋಡುವ ಕಂಪನಿ ಬೇರೆ. ದೂರು ಹೋಗಬೇಕಾದ್ದು ಎರಡನೆಯವರಿಗೆ. ಆ ನಂಬರ್ ಬಿಲ್ಲಿನ ಮೇಲೆಯೇ ಇರುತ್ತದೆ.

ಏನು ಕಳಿಸಲಿ ಅಂದಿರಿ. ಎರಡು ಕೌದಿ. ಖಟಕ್ ರೊಟ್ಟಿ ಒಂದು ಕಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಒಲೆಯಿಲ್ಲದೆ, ಫ್ರಿಜ್ ಇಲ್ಲದೆ ವಾರಗಟ್ಟಲೆ ಕೆಡದ ಊಟ ಅದಕ್ಕಿಂತ ಯಾವುದಿದೆ? ವಿಮಾನ ನಿಲ್ದಾಣದಲ್ಲಿ ಕೇಳಿದರೆ ತಿನಿಸು ಇದೆ ಅಂತ ಮುಚ್ಚದೆ ಹೇಳಿಬಿಡಲಿ. ಉಳಿದದ್ದು, ಟಾರ್ಚ್, ಪವರ್ ಬ್ಯಾಂಕ್, ಎಲ್ಲ ಅಲ್ಲೇ ಸಿಗುತ್ತದೆ.

ಕರೆಂಟ್ ಹೋದ ಸುದ್ದಿ ಕೇಳಿದ ತಕ್ಷಣ ನೀವು ಇಲ್ಲಿಂದ ವಿಡಿಯೋ ಕಾಲ್ ಮಾಡಬೇಡಿ. ನನ್ನ ಹೆಂಡತಿ ಧಾರವಾಡದಿಂದ ಗಂಟೆಗೊಮ್ಮೆ ಮಾಡಿ, ಸಂಜೆಯೊಳಗೆ ನಮ್ಮ ಮೂರೂ ಫೋನ್ ಖಾಲಿ ಮಾಡಿಸಿದ್ದಳು. ಮೊದಲೇ ಮಾತಾಡಿಕೊಳ್ಳಿ: ದಿನಕ್ಕೆ ಎರಡು ಸಲ ಅವರೇ ಒಂದು ಮೆಸೇಜ್ ಹಾಕುವುದು, ಅದೂ ಒಂದೇ ಶಬ್ದ, ‘ಆರಾಮ’ ಅಂತ. ಚಳಿಗಾಲದಲ್ಲಿ ಡಲ್ಲಾಸ್ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಅವರು ರಾತ್ರಿ ಎಂಟೂವರೆಗೆ ಹಾಕಿದರೆ ನಿಮಗೆ ಬೆಳಗಿನ ಎಂಟಕ್ಕೆ, ಚಹಾದ ಹೊತ್ತಿಗೆ ಬರುತ್ತದೆ.